ಜನರಲ್ ತಿಮ್ಮಯ್ಯನವರ ಡಿಎಸ್‌ಒ ಪದಕ: ಫಲಕದಲ್ಲಿ ಬರೆಯಬೇಕೆ, ಬಿಡಬೇಕೆ?

ಪುಸ್ತಕದ ಕಪಾಟು (ಚರ್ಚೆ ಆರಂಭಿಸಿದವರು)

ನಮ್ಮ ಊರಿನ ಗ್ರಂಥಾಲಯದ ಗೋಡೆಗೆ ಕರ್ನಾಟಕದ ಸೇನಾನಿಗಳ ಬಗ್ಗೆ ಫಲಕಗಳು ಸಿದ್ಧವಾಗುತ್ತಿವೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಫಲಕಕ್ಕೆ ಒಕ್ಕಣೆ ಬರೆಯುವ ಹೊಣೆ ನನಗೆ ಬಂದಿದೆ. 1906ರಲ್ಲಿ ಮಡಿಕೇರಿಯಲ್ಲಿ ಜನನ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಯಲ್ಲಿ ತರಬೇತಿ, 1926ರಲ್ಲಿ ಕಮಿಷನ್ (ಸೇನಾಧಿಕಾರಿಯಾಗಿ ನೇಮಕ), ಬರ್ಮಾ ಯುದ್ಧದಲ್ಲಿ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಎಂಬ ಬ್ರಿಟಿಷ್ ಸೇನಾ ಗೌರವ), 1948ರಲ್ಲಿ ಕಾಶ್ಮೀರದ ಝೋಜಿ ಲಾ ಕಣಿವೆಯ ಕಾಳಗ, ಆಮೇಲೆ ಕೊರಿಯಾದಲ್ಲಿ ಸೇವೆ, 1954ರಲ್ಲಿ ಪದ್ಮಭೂಷಣ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು, ಕೊನೆಗೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವದಲ್ಲಿದ್ದಾಗ 1965ರ ಡಿಸೆಂಬರ್‌ನಲ್ಲಿ ನಿಧನ. ಇಷ್ಟನ್ನು ಕರಡಿನಲ್ಲಿ ಬರೆದಿದ್ದೆ.

ಸಮಿತಿಯ ಹಿರಿಯ ಸದಸ್ಯರೊಬ್ಬರು ಡಿಎಸ್‌ಒ ಎಂಬಲ್ಲಿ ಗೆರೆ ಎಳೆದರು. "ಅದು ಇಂಗ್ಲೆಂಡಿನ ರಾಜ ಕೊಟ್ಟ ಪದಕ. ನಮ್ಮ ಮಕ್ಕಳು ಅದನ್ನು ಓದಿ ಹೆಮ್ಮೆಪಡುವ ಅಗತ್ಯವಿಲ್ಲ. ಪದ್ಮಭೂಷಣ ಸಾಕು" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಆ ಹೊತ್ತಿಗೆ ಗಟ್ಟಿಯಾದ ಉತ್ತರವೂ ಹೊಳೆಯಲಿಲ್ಲ. ತಿಳಿದವರು ಹೇಳಿ: ಆ ಪದಕ ಯಾವುದಕ್ಕಾಗಿ ಬಂತು? ಅದನ್ನು ಬಿಟ್ಟರೆ ಏನು ಕಳೆದುಕೊಳ್ಳುತ್ತೇವೆ?

ಹಾರಂಗಿ ದಂಡೆ

ಬರೆಯಲೇಬೇಕು. ಇದರಲ್ಲಿ ಚರ್ಚೆಗೆ ಏನಿದೆ?

ಸುಳ್ಯ ಸೀಮೆ

ಚರ್ಚೆಗೆ ಬಹಳ ಇದೆ. ನಿಮ್ಮ ಸಮಿತಿಯ ಹಿರಿಯರ ಪರವಾಗಿ ನಾನು ನಿಲ್ಲುತ್ತೇನೆ.

ಬ್ರಿಟಿಷರು ನಮ್ಮ ಕಡೆಯವರಿಗೆ ಪದಕ ಹಂಚಿದ ಚರಿತ್ರೆ ಹಳೆಯದು. 1837ರ ಏಪ್ರಿಲ್‌ನಲ್ಲಿ ಸುಳ್ಯದ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು, ಮಂಗಳೂರಿನವರೆಗೆ ನಡೆದು, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಹಾರಿಸಿದರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಂದು ಮಂಗಳೂರಿನಲ್ಲಿ ನಿಂತಿರುವುದು ಅದೇ ಕಾರಣಕ್ಕೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನ ಪ್ರಮುಖರಿಗೆ ಕಂಪನಿಯವರು ಚಿನ್ನದ ಮತ್ತು ಬೆಳ್ಳಿಯ "ಕೂರ್ಗ್ ಪದಕ" ಕೊಟ್ಟರು. ಅದರ ಒಂದು ಮುಖದಲ್ಲಿ ಕೋವಿ ಹಿಡಿದ ಕೊಡವ ಯೋಧ, ಸುತ್ತಲೂ ಕನ್ನಡ ಅಕ್ಷರ! ನಮ್ಮವರನ್ನು ನಮ್ಮವರೇ ಹತ್ತಿಕ್ಕಿದ್ದಕ್ಕೆ ನಮ್ಮದೇ ಲಿಪಿಯಲ್ಲಿ ಬಹುಮಾನ. ಇದನ್ನೂ ಗೋಡೆಗೆ ಹಾಕುತ್ತೀರಾ? ಅದಕ್ಕಾಗದಿದ್ದರೆ ಡಿಎಸ್‌ಒ ಮಾತ್ರ ಹೇಗೆ ಆಗುತ್ತದೆ?

ಹಾರಂಗಿ ದಂಡೆ

ಸುಳ್ಯ ಸೀಮೆಯವರೇ, 1837ನ್ನೂ 1945ನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಕೊಡಗಿನವರೆಲ್ಲ ಕಂಪನಿಯ ಪಕ್ಷ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಆ ದಂಗೆಯಲ್ಲಿ ಕೊಡಗಿನ ಒಳಗಿನ ಜನರೂ ಇದ್ದರು.

ಸುಳ್ಯ ಸೀಮೆ

ಇದ್ದರು, ಅಲ್ಲಗಳೆಯುವುದಿಲ್ಲ. ನಾನು ಜನರ ಬಗ್ಗೆ ಹೇಳುತ್ತಿಲ್ಲ, ಪದಕದ ಬಗ್ಗೆ ಹೇಳುತ್ತಿದ್ದೇನೆ. ಪದಕ ಕೊಡುವವನಿಗೆ ತನ್ನದೇ ಉದ್ದೇಶ ಇರುತ್ತದೆ.

ಇತಿಹಾಸದ ಮೇಷ್ಟ್ರು

ಈ ಚರ್ಚೆ ಕಾಂಗಾವ್ ಎಂಬ ಹೆಸರಿಲ್ಲದೆ ಮುಂದೆ ಹೋಗಬಾರದು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬರ್ಮಾದ ಪಶ್ಚಿಮ ಕರಾವಳಿ ಅರಾಕಾನ್. ಕಾಡು, ಕೆಸರು, ಕಾಂಡ್ಲಾ ಗಿಡಗಳ ನಡುವೆ ಹರಿಯುವ ಉಪ್ಪುನೀರಿನ ಕಾಲುವೆಗಳು. 1945ರ ಆರಂಭದಲ್ಲಿ ಜಪಾನಿನ 54ನೇ ಡಿವಿಜನ್ ದಕ್ಷಿಣಕ್ಕೆ ಸರಿಯುತ್ತಿತ್ತು. ಅದಕ್ಕಿದ್ದ ಕರಾವಳಿ ರಸ್ತೆಯನ್ನು ಕತ್ತರಿಸಬೇಕಾದ ಜಾಗವೇ ಕಾಂಗಾವ್. ಜನವರಿ 22ರಂದು ಬ್ರಿಟಿಷ್ ಕಮಾಂಡೊ ಬ್ರಿಗೇಡ್ ಅಲ್ಲಿ ದೋಣಿಗಳಿಂದ ಇಳಿದು 170ನೇ ಗುಡ್ಡವನ್ನು ಹಿಡಿಯಿತು. ಬೆನ್ನಿಗೆ 25ನೇ ಭಾರತೀಯ ಡಿವಿಜನ್‌ನ 51ನೇ ಬ್ರಿಗೇಡ್ ಬಂತು. ಆ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳ ನಾಯಕರೂ ಭಾರತೀಯರೇ: 8/19 ಹೈದರಾಬಾದ್‌ಗೆ (ಅಂದರೆ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್) ತಿಮ್ಮಯ್ಯ, 2/2 ಪಂಜಾಬ್‌ಗೆ ಎಸ್.ಪಿ.ಪಿ. ಥೋರಟ್, 16/10 ಬಲೂಚ್‌ಗೆ ಎಲ್.ಪಿ. ಸೇನ್. ಆ ಕಾಲದ ಸೇನೆಯಲ್ಲಿ ಇದು ಊಹೆಗೂ ಮೀರಿದ ಸಂಗತಿ. ಬೆಟಾಲಿಯನ್ ಎಂದರೆ ಸುಮಾರು 800 ಜನರ ಪ್ರಾಣ ಒಬ್ಬನ ತೀರ್ಮಾನದ ಮೇಲೆ ನಿಂತಿರುತ್ತದೆ. ಅಂಥ ಹೊಣೆಯನ್ನು ಭಾರತೀಯ ಹೊರಲಾರ ಎಂದು ಸಾಮ್ರಾಜ್ಯದ ದೊಡ್ಡವರು ದಶಕಗಳ ಕಾಲ ವಾದಿಸಿದ್ದರು.

ಆ ಗುಡ್ಡಗಳಿಗಾಗಿ ನಡೆದ ಕಾಳಗ ಅರಾಕಾನಿನ ಅತ್ಯಂತ ಭೀಕರ ಕಾಳಗಗಳಲ್ಲಿ ಒಂದು. ಮೂವರಿಗೂ ಡಿಎಸ್‌ಒ ಬಂತು. ಅದಾದ ಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡಿನ ನಾಯಕತ್ವ ದೊರೆಯಿತು. ಎರಡನೇ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ ಅವರು.

ಆದ್ದರಿಂದ ಫಲಕದಿಂದ ಡಿಎಸ್‌ಒ ತೆಗೆದರೆ ಅಳಿಸಿಹೋಗುವುದು ರಾಜನ ಕಿರೀಟವಲ್ಲ, ಕಾಂಗಾವ್. ಮಗು ಓದುವುದು 1926ರಲ್ಲಿ ಕಮಿಷನ್, 1948ರಲ್ಲಿ ಝೋಜಿ ಲಾ ಎಂದು. ನಡುವಿನ 22 ವರ್ಷ ಈ ಮನುಷ್ಯ ಎಲ್ಲಿದ್ದ, ಯುದ್ಧವನ್ನು ಎಲ್ಲಿ ಕಲಿತ ಎಂದು ಕೇಳಿದರೆ ಫಲಕದಲ್ಲಿ ಉತ್ತರ ಇರುವುದಿಲ್ಲ.

ಮೈಸೂರು ಅಗ್ರಹಾರ

ಬಹಳ ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ. ಡಿಎಸ್‌ಒ ಎಂದರೆ ನಮ್ಮ ಪರಮವೀರ ಚಕ್ರದಂತೆಯೇ?

ಪದಕ ಸಂಗ್ರಾಹಕ

ಅಲ್ಲ. ಪರಮವೀರ ಚಕ್ರಕ್ಕೆ ಸಮಾನವಾದದ್ದು ವಿಕ್ಟೋರಿಯಾ ಕ್ರಾಸ್. ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಅದಕ್ಕಿಂತ ಕೆಳಗಿನದು. 1886ರಲ್ಲಿ ವಿಕ್ಟೋರಿಯಾ ರಾಣಿ ಸ್ಥಾಪಿಸಿದ್ದು. ಆಗ ಅಧಿಕಾರಿಗಳಿಗೆ ಮಾತ್ರ ಸಿಗುತ್ತಿತ್ತು, ಅದರಲ್ಲೂ ಸಾಮಾನ್ಯವಾಗಿ ಮೇಜರ್ ದರ್ಜೆ ಮತ್ತು ಅದರ ಮೇಲಿನವರಿಗೆ. ಯುದ್ಧಭೂಮಿಯಲ್ಲಿ ಪಡೆಯನ್ನು ಸಮರ್ಥವಾಗಿ ನಡೆಸಿದ್ದಕ್ಕೆ ಕೊಡುವ ಗೌರವ ಎಂದುಕೊಳ್ಳಿ. ಬಿಳಿ ಎನಾಮೆಲ್‌ನ ಶಿಲುಬೆ, ನಡುವೆ ಹಸಿರು ಎಲೆಗಳ ಹಾರದೊಳಗೆ ಕಿರೀಟ, ಹಿಂಬದಿಯಲ್ಲಿ ರಾಜನ ಹೆಸರಿನ ಅಕ್ಷರಗಳು. ಪಟ್ಟಿ ಕೆಂಪು, ಎರಡೂ ಅಂಚಿನಲ್ಲಿ ಕಡುನೀಲಿ.

ಗಮನಿಸಬೇಕಾದ ಇನ್ನೊಂದು ಸಂಗತಿ: ಡಿಎಸ್‌ಒ ಮೇಲೆ ಪಡೆದವರ ಹೆಸರನ್ನು ಕೆತ್ತುತ್ತಿರಲಿಲ್ಲ. 1938ರ ನಂತರ ವರ್ಷ ಮಾತ್ರ ಕೆತ್ತಿದರು. ಹಾಗಾಗಿ ಹರಾಜಿನಲ್ಲಿ ಯಾರಾದರೂ "ಇದು ಇಂಥವರದೇ ಡಿಎಸ್‌ಒ" ಎಂದು ಮಾರಲು ಬಂದರೆ ಕಾಗದಪತ್ರ ಕೇಳದೆ ನಂಬಬೇಡಿ.

ತಿಮ್ಮಯ್ಯನವರು ಯುದ್ಧ ವರದಿಗಳಲ್ಲಿ ವಿಶೇಷ ಉಲ್ಲೇಖವನ್ನೂ ಪಡೆದವರು. ಎರಡನೇ ಮಹಾಯುದ್ಧದಲ್ಲಿ ಅದರ ಗುರುತು ಪುಟ್ಟದೊಂದು ಕಂಚಿನ ಓಕ್ ಎಲೆ. ಅದನ್ನು 1939–45ರ ಯುದ್ಧ ಪದಕದ ಪಟ್ಟಿಯ ಮೇಲೆ ಸಿಕ್ಕಿಸುತ್ತಾರೆ. ಫೋಟೊಗಳಲ್ಲಿ ಜನ ಅದನ್ನು ಕಾಣುವುದೇ ಇಲ್ಲ.

ಮೈಸೂರು ಅಗ್ರಹಾರ

ಪದಕ ತಿಳಿದವರು ಸಿಕ್ಕಿದ್ದರಿಂದ ನನ್ನದೂ ಒಂದು ಪ್ರಶ್ನೆ. ನಮ್ಮ ಮುತ್ತಾತನ ಪೆಟ್ಟಿಗೆಯಲ್ಲಿ ಮೂರು ಪದಕಗಳಿವೆ. ಒಂದು ನಕ್ಷತ್ರದ ಆಕಾರ, ನಡುವೆ 1914–15 ಎಂದಿದೆ. ಒಂದು ಬೆಳ್ಳಿಯದು, ಕುದುರೆ ಸವಾರನ ಚಿತ್ರ. ಇನ್ನೊಂದು ಕಂಚಿನ ಬಣ್ಣ, ರೆಕ್ಕೆಯ ಹೆಣ್ಣು. ಶೌರ್ಯಕ್ಕಾಗಿ ಮೂರು ಪದಕ ಪಡೆದವರು ಎಂದು ಮನೆಯಲ್ಲಿ ಹೇಳುತ್ತಾರೆ. ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿದೆ.

ಪದಕ ಸಂಗ್ರಾಹಕ

ದಯವಿಟ್ಟು ಅವುಗಳನ್ನು ಹುಣಿಸೆಹಣ್ಣು ಹಾಕಿ ಉಜ್ಜಬೇಡಿ. ಇದು ಮೊದಲ ಮಾತು. ಉಜ್ಜಿ ಉಜ್ಜಿ ಅಂಚಿನ ಅಕ್ಷರ ಅಳಿಸಿಹೋದರೆ ಪದಕ ಯಾರದೆಂದು ಹೇಳುವ ಸಾಕ್ಷಿಯೇ ಹೋಯಿತು.

ಮೂರೂ ಮೊದಲ ಮಹಾಯುದ್ಧದ ಸೇವಾ ಪದಕಗಳು. 1914–15ರ ನಕ್ಷತ್ರ, ಬ್ರಿಟಿಷ್ ಯುದ್ಧ ಪದಕ, ವಿಜಯ ಪದಕ. ಇವು ರಣರಂಗದಲ್ಲಿ ಸೇವೆ ಸಲ್ಲಿಸಿದ ಎಲ್ಲರಿಗೂ ಸಿಕ್ಕವು, ಶೌರ್ಯ ಪದಕಗಳಲ್ಲ. ಆದರೆ ನಿಮ್ಮ ಮುತ್ತಾತನ ಹಿರಿಮೆ ಇದರಿಂದ ತಗ್ಗುವುದಿಲ್ಲ. ಆ ನಕ್ಷತ್ರ ಇದೆ ಎಂದರೆ 1915 ಮುಗಿಯುವ ಮೊದಲೇ ಅವರು ಯುದ್ಧಕ್ಷೇತ್ರದಲ್ಲಿದ್ದರು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆಯ ಕಾವಲಿಗೆ ನಿಂತ ಪಡೆ. ನಕ್ಷತ್ರದ ಬೆನ್ನಲ್ಲೂ ಹೆಸರು ಮತ್ತು ಸಂಖ್ಯೆ ಇರುತ್ತದೆ, ತಿರುಗಿಸಿ ನೋಡಿ.

ಮೈಸೂರು ಅಗ್ರಹಾರ

ನೋಡಿದೆ, ಇದೆ! ಹೆಸರು, ಸಂಖ್ಯೆ ಎರಡೂ ಇವೆ. ಹೈಫಾದಲ್ಲಿಯೂ ಇದ್ದಿರಬಹುದೇ?

ಇತಿಹಾಸದ ಮೇಷ್ಟ್ರು

ಲ್ಯಾನ್ಸರ್ಸ್ ಅಂತೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ, ಕತ್ತಿ ಹಿಡಿದು ಫಿರಂಗಿ, ಮಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್‌ಗಳ ನೆನಪಿಗೆ ನಿಂತವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಒಮ್ಮೆ ಹೋಗಿ ಬನ್ನಿ.

ಸುಳ್ಯ ಸೀಮೆ

ಹೈಫಾಕ್ಕೆ ಹೋಗಿ ಬಂದದ್ದಾಯಿತು, ಈಗ ಮೂಲ ಪ್ರಶ್ನೆಗೆ ಬರೋಣ. ಮೇಷ್ಟ್ರು ಕಾಂಗಾವ್ ಕಾಳಗವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಆದರೆ ಅದೇ ಅರಾಕಾನಿನಲ್ಲಿ 1944ರ ಆರಂಭದಲ್ಲಿ ಜಪಾನೀಯರ ಜೊತೆ ನೇತಾಜಿಯವರ ಐಎನ್‌ಎ (ಆಜಾದ್ ಹಿಂದ್ ಫೌಜ್) ತುಕಡಿಗಳೂ ಇದ್ದವು. ಒಂದು ಕಡೆ ಸ್ವಾತಂತ್ರ್ಯಕ್ಕಾಗಿ ಹೊರಟ ಭಾರತೀಯರು, ಇನ್ನೊಂದು ಕಡೆ ರಾಜನ ಕಮಿಷನ್ ಹೊತ್ತ ಭಾರತೀಯರು. ಗೆದ್ದವರಿಗೆ ಪದಕ, ಸೋತವರಿಗೆ ಕೆಂಪುಕೋಟೆಯಲ್ಲಿ ವಿಚಾರಣೆ. ಇದನ್ನು ಹೇಳದೆ ಡಿಎಸ್‌ಒ ಮಾತ್ರ ಬರೆದರೆ ಅದು ಅರ್ಧ ಸತ್ಯ.

ಹಳೆಯ ಕುಮಾಊಂ

ನಾನು ಕುಮಾಊಂ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ತಿಮ್ಮಯ್ಯ ಸಾಹೇಬರು ನಮ್ಮ ರೆಜಿಮೆಂಟಿನವರು. ಅಂದಿನ 19ನೇ ಹೈದರಾಬಾದ್ ರೆಜಿಮೆಂಟೇ ಇಂದಿನ ಕುಮಾಊಂ.

ಸುಳ್ಯ ಸೀಮೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸಾಹೇಬರ ಮನೆಯೊಳಗೇ ಇದೆ. ಯುದ್ಧ ಶುರುವಾದಾಗ ಅವರು 4/19 ಹೈದರಾಬಾದ್ ಬೆಟಾಲಿಯನ್ ಜೊತೆ ಸಿಂಗಪುರದಲ್ಲಿದ್ದರು. ಆ ಬೆಟಾಲಿಯನ್‌ನಲ್ಲಿ 1940ರಲ್ಲಿ, ಒಬ್ಬ ಭಾರತೀಯ ಅಧಿಕಾರಿಯನ್ನು ಬಿಳಿಯ ಹೆಂಗಸಿನ ಸ್ನೇಹದ ಕಾರಣ ಕೊಟ್ಟು ಭಾರತಕ್ಕೆ ವಾಪಸ್ ಕಳುಹಿಸಿದ್ದಕ್ಕೆ ಜವಾನರೇ ಸಿಡಿದೆದ್ದಿದ್ದರು. ಅವಮಾನ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಇಷ್ಟು ಸಾಕು. ಸಾಹೇಬರು ತಾವೇ ಕೋರಿಕೊಂಡು ಭಾರತಕ್ಕೆ ವರ್ಗವಾಗಿ ಬಂದರು. ಅವರು ಬಿಟ್ಟುಬಂದ ಬೆಟಾಲಿಯನ್ ಮಲಯಾದ ಸ್ಲಿಮ್ ನದಿಯ ಬಳಿ 1942ರ ಜನವರಿಯಲ್ಲಿ ನುಚ್ಚುನೂರಾಯಿತು. ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಉಳಿದವರು ಸೆರೆಯಾದರು. ಸೆರೆಯಾದ ಅಧಿಕಾರಿಗಳ ಮುಂದೆ ಆಗ ಇದ್ದ ದಾರಿ ಎರಡು: ಜಪಾನೀಯರ ಸೆರೆಶಿಬಿರ ಅಥವಾ ಐಎನ್‌ಎ.

ಸಾಹೇಬರ ಅಣ್ಣ ಪೊನ್ನಪ್ಪನವರು ಐಎನ್‌ಎ ಸೇರಿದರು.

ಒಂದೇ ತಾಯಿಯ ಇಬ್ಬರು ಮಕ್ಕಳು, ಇಬ್ಬರೂ ಸೈನಿಕರು. ವರ್ಗಾವಣೆಯ ಒಂದು ಆದೇಶ ಕೆಲವು ತಿಂಗಳು ತಡವಾಗಿದ್ದರೆ ತಮ್ಮನೂ ಅದೇ ಕವಲುದಾರಿಯಲ್ಲಿ ನಿಲ್ಲಬೇಕಾಗಿತ್ತು. ಹೀಗಿರುವಾಗ ಡಿಎಸ್‌ಒ ಪದಕವನ್ನು ರಾಜಭಕ್ತಿಯ ಪ್ರಮಾಣಪತ್ರ ಎಂದು ನಾನು ಓದಲಾರೆ. ಐಎನ್‌ಎ ಸೇರಿದವರನ್ನು ದ್ರೋಹಿಗಳೆಂದೂ ಓದಲಾರೆ. ಫಲಕದಲ್ಲಿ ಡಿಎಸ್‌ಒ ಬರೆಯಿರಿ, ಅದರ ಕೆಳಗೇ ಅಣ್ಣನ ಹೆಸರನ್ನೂ ಬರೆಯಿರಿ.

ಪುಸ್ತಕದ ಕಪಾಟು

ಇದು ನನಗೆ ತಿಳಿದಿರಲಿಲ್ಲ ಸರ್. ನಮ್ಮ ಸಮಿತಿಯಲ್ಲಿಯೂ ಯಾರೂ ಹೇಳಲಿಲ್ಲ.

ದೋಹಾದಿಂದ

ಹಳೆಯ ಕುಮಾಊಂ ಸರ್, ನಿಮ್ಮ ಮಾತು ಓದಿ ಸುಮ್ಮನೆ ಹೋಗಲಾಗಲಿಲ್ಲ. ಒಂದು ಪ್ರಶ್ನೆ: ಅಷ್ಟು ಅವಮಾನ ಸಹಿಸಿಕೊಂಡು ಭಾರತೀಯ ಅಧಿಕಾರಿಗಳು ಆ ಸೇನೆಯಲ್ಲಿ ಉಳಿದದ್ದಾದರೂ ಏಕೆ? ರಾಜೀನಾಮೆ ಕೊಡಬಹುದಿತ್ತಲ್ಲ?

ಇತಿಹಾಸದ ಮೇಷ್ಟ್ರು

ಕೊಡಬೇಕೆಂದು ತಿಮ್ಮಯ್ಯನವರಿಗೇ ಅನ್ನಿಸಿತ್ತು. ಅಲಹಾಬಾದಿನಲ್ಲಿದ್ದಾಗ ಅವರಿಗೆ ನೆಹರೂ ಕುಟುಂಬದ ಪರಿಚಯವಾಯಿತು. ನಾಳೆ ದೇಶ ಸ್ವತಂತ್ರವಾದಾಗ ನಿಮ್ಮಂಥ ಅಧಿಕಾರಿಗಳು ಬೇಕಾಗುತ್ತಾರೆ, ಕಲಿಯುವುದನ್ನು ಕಲಿತುಕೊಂಡು ಅಲ್ಲಿಯೇ ಇರಿ ಎಂಬ ಸಲಹೆ ಮೋತಿಲಾಲ್ ನೆಹರೂ ಅವರಿಂದ ಬಂದದ್ದು ತಿಮ್ಮಯ್ಯನವರ ಜೀವನಕಥೆಯಲ್ಲಿ ಪ್ರಸಿದ್ಧ.

ವ್ಯವಸ್ಥೆ ಹೇಗಿತ್ತೆಂಬುದನ್ನೂ ನೋಡಿ. ಮೊದಲ ಮಹಾಯುದ್ಧದ ಕೊನೆಯವರೆಗೆ ಭಾರತೀಯರಿಗೆ ರಾಜನ ಪೂರ್ಣ ಕಮಿಷನ್ನಿನ ಬಾಗಿಲು ಮುಚ್ಚಿತ್ತೆಂದೇ ಹೇಳಬೇಕು. 1918ರ ನಂತರ ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ 10 ಸ್ಥಾನ. ಕಾರಿಯಪ್ಪನವರು 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಿಂದ ಕಮಿಷನ್ ಪಡೆದ ತಂಡದವರು. 1923ರಲ್ಲಿ "ಭಾರತೀಕರಣ" ಎಂದು 8 ಪಡೆಗಳನ್ನು ಗುರುತಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೆ ಮಾತ್ರ ಕಳುಹಿಸತೊಡಗಿದರು. ಬಿಳಿಯ ಅಧಿಕಾರಿ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಸಂದರ್ಭವೇ ಬರಬಾರದು ಎಂಬ ಲೆಕ್ಕಾಚಾರ ಅದು. ಆ ಎಂಟರಲ್ಲಿ ಒಂದು ತಿಮ್ಮಯ್ಯನವರ 4/19 ಹೈದರಾಬಾದ್, ಇನ್ನೊಂದು ಕಾರಿಯಪ್ಪನವರ 1/7 ರಜಪೂತ್. ಕೊಡಗಿನ ಒಂದೇ ಮನೆತನದ ಹೆಸರು ಹೊತ್ತ ಇಬ್ಬರು ಆ ಬೇಲಿಯೊಳಗಿಂದಲೇ ಬೆಳೆದು ಸ್ವತಂತ್ರ ಭಾರತದ ಸೇನೆಯ ತುದಿಗೇರಿದರು.

ಹಾರಂಗಿ ದಂಡೆ

ಕೊಡಂದೇರ ಮನೆತನ. ಇದನ್ನು ಫಲಕದಲ್ಲಿ ಬರೆಯಲು ಮರೆಯಬೇಡಿ. ಮಡಿಕೇರಿಯ "ಸನ್ನಿ ಸೈಡ್" ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸಮಿತಿಯವರನ್ನೆಲ್ಲ ಒಮ್ಮೆ ಕರೆದುಕೊಂಡು ಹೋಗಿ.

ಕಾಫಿ ಹೂವು

ಎಲ್ಲರೂ ಜನರಲ್ ಸಾಹೇಬರ ಪದಕದ ಬಗ್ಗೆ ಬರೆಯುತ್ತಿದ್ದೀರಿ. ಆ ಮನೆಗೆ ಬ್ರಿಟಿಷ್ ಸರ್ಕಾರದಿಂದ ಬಂದ ಇನ್ನೊಂದು ಪದಕ ಯಾರಿಗೂ ನೆನಪಾಗಲಿಲ್ಲವೇ? 1935ರ ಮೇ 31ರ ನಸುಕಿನಲ್ಲಿ ಕ್ವೆಟ್ಟಾದಲ್ಲಿ ಭೂಕಂಪವಾಗಿ ಊರಿಗೆ ಊರೇ ಮಣ್ಣುಪಾಲಾಯಿತು. ಅದೇ ವರ್ಷ ಮದುವೆಯಾಗಿದ್ದ ನೀನಾ ತಿಮ್ಮಯ್ಯನವರು ಅಲ್ಲಿ ಗಾಯಾಳುಗಳ ಸೇವೆಗೆ ನಿಂತರು. ಅದಕ್ಕಾಗಿ ಅವರಿಗೆ ಜನಸೇವೆಗೆ ಕೊಡುವ ಕೈಸರ್-ಎ-ಹಿಂದ್ ಪದಕ ಬಂತು. ಅದೂ ರಾಜನ ಹೆಸರಿನ ಪದಕವೇ. ಅವಶೇಷಗಳಡಿ ಸಿಕ್ಕಿಕೊಂಡವರ ಸೇವೆ ಮಾಡಿದ್ದನ್ನೂ ವಸಾಹತುಶಾಹಿ ಎಂದು ಗೋಡೆಯಿಂದ ಅಳಿಸುವುದೇ? ಫಲಕದಲ್ಲಿ ನೀನಾ ಅವರ ಹೆಸರು ಇರಲಿ ಎಂದು ನನ್ನ ಆಗ್ರಹ.

ಸುಳ್ಯ ಸೀಮೆ

ಕಾಫಿ ಹೂವು ಮೇಡಂ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಜೀವ ಉಳಿಸಿದ್ದಕ್ಕೆ ಯಾರು ಪದಕ ಕೊಟ್ಟರೂ ಜೀವ ಉಳಿದದ್ದು ಸುಳ್ಳಾಗುವುದಿಲ್ಲ. ಆದರೆ ಗಾಂಧೀಜಿಯವರೂ ಕೈಸರ್-ಎ-ಹಿಂದ್ ಪಡೆದಿದ್ದರು, 1920ರಲ್ಲಿ ಹಿಂತಿರುಗಿಸಿದರು. ಪದಕವನ್ನು ಹಿಂತಿರುಗಿಸುವುದಕ್ಕೂ ಒಂದು ಅರ್ಥವಿದೆ ಎಂಬುದು ಅವರಿಗೆ ಗೊತ್ತಿತ್ತು.

ವಕೀಲರ ಬೀದಿ

ಹಾಗಾದರೆ ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಸರ್ಕಾರವೇ ಇವರಿಗೆಲ್ಲ ಬ್ರಿಟಿಷ್ ಪದಕ ಕಳಚಿಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. 1950ರ ಜನವರಿ 26ರಂದು ರೆಜಿಮೆಂಟ್‌ಗಳ ಹೆಸರಿನಿಂದ "ರಾಯಲ್" ಹೋಯಿತು, ಹೆಗಲಿನ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಪರಮವೀರ ಚಕ್ರದಂಥ ನಮ್ಮದೇ ಪದಕಗಳು ಸ್ಥಾಪನೆಯಾದವು. ಆದರೆ ಹಳೆಯ ಯುದ್ಧಗಳಲ್ಲಿ ಗಳಿಸಿದ ಪದಕಗಳನ್ನು ಧರಿಸಲು ಅವಕಾಶ ಉಳಿಯಿತು, ಭಾರತದ ಪದಕಗಳ ನಂತರದ ಸ್ಥಾನದಲ್ಲಿ. ಗಣರಾಜ್ಯ ತೆಗೆದುಕೊಂಡ ಆ ತೀರ್ಮಾನವೇ ನಿಮ್ಮ ಸಮಿತಿಗೂ ದಾರಿ ತೋರಿಸುತ್ತದೆ: ನಮ್ಮದು ಮೊದಲು, ಅದರ ನಂತರ ಅದು. ಪದ್ಮಭೂಷಣ ಮೇಲೆ ಬರೆಯಿರಿ, ಡಿಎಸ್‌ಒ ಕೆಳಗೆ ಬರೆಯಿರಿ. ಜಗಳವೇ ಇಲ್ಲ.

ಪದಕ ಸಂಗ್ರಾಹಕ

ಇದಕ್ಕೆ ಒಂದು ಸೇರ್ಪಡೆ. 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟ ಭಾರತ ಸ್ವಾತಂತ್ರ್ಯ ಪದಕ ನೋಡಿದ್ದೀರಾ? ಪಟ್ಟಿ ಕೇಸರಿ, ಬಿಳಿ, ಹಸಿರು. ಪದಕದ ಮೇಲೆ ಅಶೋಕ ಚಕ್ರ, ಆ ಚಕ್ರದ ತಲೆಯ ಮೇಲೆ ಬ್ರಿಟಿಷ್ ಕಿರೀಟ! ಗಣರಾಜ್ಯವಾಗುವವರೆಗೆ ನಾವು ರಾಜನ ಅಧೀನದ ಡೊಮಿನಿಯನ್ ಆಗಿದ್ದೆವಲ್ಲ. ಕಿರೀಟ ಇದ್ದ ಪದಕವನ್ನೆಲ್ಲ ಬಿಡುವುದಾದರೆ ಸ್ವಾತಂತ್ರ್ಯದ ಪದಕವನ್ನೇ ಬಿಡಬೇಕಾಗುತ್ತದೆ.

ಬಯಲುಸೀಮೆ

ತಿಮ್ಮಯ್ಯನವರ ಮಾತು 1962ಕ್ಕೆ ಮೊದಲೇ ಕೇಳಿದ್ದರೆ ದೇಶಕ್ಕೆ ಆ ಗತಿ ಬರುತ್ತಿರಲಿಲ್ಲ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟರು. ನೆಹರೂ ಓಲೈಸಿ ಹಿಂಪಡೆಯುವಂತೆ ಮಾಡಿ, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು. ಪದಕಕ್ಕಿಂತ ಇದನ್ನು ಬರೆಯಿರಿ ಫಲಕದಲ್ಲಿ!

ವಕೀಲರ ಬೀದಿ

ಹಿಂಪಡೆದದ್ದೇ ತಪ್ಪು ಎನ್ನುವವರೂ ಇದ್ದಾರೆ. ಒಮ್ಮೆ ಕೊಟ್ಟ ಮೇಲೆ ಗಟ್ಟಿಯಾಗಿ ನಿಲ್ಲಬೇಕಿತ್ತು.

ಬಯಲುಸೀಮೆ

ಸೇನೆಯ ಮುಖ್ಯಸ್ಥ ಪ್ರಧಾನಿಯ ಮಾತು ಮೀರಿ ಗಟ್ಟಿಯಾಗಿ ನಿಂತಿದ್ದರೆ ನಮ್ಮ ನೆರೆಯ ದೇಶಗಳ ಹಾಗೆ ಆಗುತ್ತಿತ್ತು ಸ್ವಾಮಿ. ಅವರು ಹಿಂಪಡೆದದ್ದು ದೊಡ್ಡತನ.

ನಿರ್ವಾಹಕ

ಮೆನನ್ ಮತ್ತು 1962ರ ಬಗ್ಗೆ ಬೇರೆ ಎಳೆ ಈಗಾಗಲೇ ಇದೆ. ಅಲ್ಲಿ ಮುಂದುವರಿಸಿ. ಇಲ್ಲಿ ಪದಕ ಮತ್ತು 1947ಕ್ಕೆ ಮೊದಲಿನ ಸೇವೆಯ ವಿಷಯ ಮಾತ್ರ ಇರಲಿ.

ಹಳೆಯ ಕುಮಾಊಂ

ನಿರ್ವಾಹಕರ ಅಪ್ಪಣೆಯಂತೆ 1947ಕ್ಕೆ ಮೊದಲಿನ ಮಾತೇ. ನನ್ನ ಮನಸ್ಸಿನಲ್ಲಿ ಕೊರೆಯುವುದು ಇನ್ನೊಂದಿದೆ. ಡಿಎಸ್‌ಒ ಅಧಿಕಾರಿಗೆ. ಅದೇ ಗುಡ್ಡವನ್ನು ಹತ್ತಿದ ಸಿಪಾಯಿಗೆ? ಅವನಿಗೆ ಬೇರೆಯದೇ ಸಾಲು ಇತ್ತು: ಇಂಡಿಯನ್ ಆರ್ಡರ್ ಆಫ್ ಮೆರಿಟ್, ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ಸುಬೇದಾರನಿಗೆ ದೀರ್ಘ, ನಿಷ್ಠಾವಂತ ಸೇವೆಗೆ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ, ಜೊತೆಗೆ "ಬಹಾದೂರ್" ಬಿರುದು. ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕನಿಗೂ ಸಿಗಬಹುದು ಎಂದು ನಿಯಮ ಬದಲಾದದ್ದೇ 1911ರಲ್ಲಿ. ಯಾರ ಎದೆಗೆ ಯಾವ ಲೋಹ ಎಂಬುದನ್ನು ದರ್ಜೆಯೂ ಮೈಬಣ್ಣವೂ ಸೇರಿ ತೀರ್ಮಾನಿಸುತ್ತಿದ್ದವು.

ಈ ಹಿನ್ನೆಲೆಯಲ್ಲಿ ಮೂವರು ಭಾರತೀಯರಿಗೆ ಡಿಎಸ್‌ಒ ಬಂದದ್ದರ ತೂಕ ತಿಳಿಯುತ್ತದೆ. ಬಿಳಿಯ ಕರ್ನಲ್‌ಗಳಿಗೆ ಕೊಡುವ ಪದಕವನ್ನು, ಭಾರತೀಯ ಪಡೆಗಳನ್ನು ನಡೆಸಿದ ಭಾರತೀಯರಿಗೆ ಕೊಡಲೇಬೇಕಾದ ಸ್ಥಿತಿಯನ್ನು ಅವರು ರಣರಂಗದಲ್ಲಿ ತಂದಿಟ್ಟರು. ಎರಡೂವರೆ ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು. ಕಾಂಗಾವ್‌ನ ಸೇನ್ 1947ರ ನವೆಂಬರ್‌ನಲ್ಲಿ ಶ್ರೀನಗರದ ಹೊಸ್ತಿಲಲ್ಲಿ ಶಾಲಟೆಂಗ್ ಕಾಳಗ ಗೆದ್ದರು. ತಿಮ್ಮಯ್ಯ ಸಾಹೇಬರು 1948ರ ನವೆಂಬರ್ 1ರಂದು 11,500 ಅಡಿ ಎತ್ತರದ ಝೋಜಿ ಲಾಕ್ಕೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಏರಿಸಿದರು. ಥೋರಟ್ ಕೊರಿಯಾದಲ್ಲಿ ಸಾಹೇಬರ ಜೊತೆ ಭಾರತೀಯ ಪಡೆಯ ನಾಯಕರಾದರು. ಅರಾಕಾನಿನಲ್ಲಿ 8/19ರಲ್ಲಿ ಸಾಹೇಬರ ಕೈಕೆಳಗಿದ್ದ ಒಬ್ಬ ಯುವ ಅಧಿಕಾರಿ 1947ರ ನವೆಂಬರ್ 3ರಂದು ಬಡ್ಗಾಮ್‌ನಲ್ಲಿ ಪ್ರಾಣ ಕೊಟ್ಟು ಮೊದಲ ಪರಮವೀರ ಚಕ್ರ ಪಡೆದರು. ಮೇಜರ್ ಸೋಮನಾಥ ಶರ್ಮ.

ದೋಹಾದಿಂದ

ಸೋಮನಾಥ ಶರ್ಮರು ತಿಮ್ಮಯ್ಯನವರ ಬೆಟಾಲಿಯನ್‌ನಲ್ಲಿದ್ದರು ಎಂಬುದು ಶಾಲೆಯ ಪಾಠದಲ್ಲಿ ಎಲ್ಲಿಯೂ ಬಂದಿರಲಿಲ್ಲ. ಈ ಎಳೆಯನ್ನು ಯಾರಾದರೂ ಕೂಡಲೇ ಫಲಕಕ್ಕೆ ಸೇರಿಸಿ.

ಸುಳ್ಯ ಸೀಮೆ

ಹಳೆಯ ಕುಮಾಊಂ ಅವರ ಮಾತಿಗೆ ನನ್ನ ಗೌರವ. ನನ್ನ ನಿಲುವು ಇಷ್ಟು: ಪದಕ ಬರೆಯುವುದಾದರೆ ಯಾರು ಕೊಟ್ಟರು, ಯಾರ ವಿರುದ್ಧ, ಯಾವ ಸ್ಥಿತಿಯಲ್ಲಿ ಎಂಬುದೂ ಇರಬೇಕು. ಬರೀ ಮೂರು ಅಕ್ಷರ ಹೆಸರಿನ ಮುಂದೆ ಅಂಟಿಸಿದರೆ ಅದು ಸಾಮ್ರಾಜ್ಯದ ಬಾಲ. 1837ರ ಕೂರ್ಗ್ ಪದಕವನ್ನೂ ಮುಚ್ಚಿಡಬಾರದು, ಅದರ ಕಥೆಯನ್ನೂ ಹೇಳಬೇಕು. ಅದು ಸ್ವಂತ ಜನರ ದಂಗೆ ಅಡಗಿಸಿದ್ದಕ್ಕೆ ಬಂದದ್ದು, ಇದು ಆಕ್ರಮಣಕಾರಿ ಸೇನೆಯೊಂದರ ವಿರುದ್ಧದ ಕಾಳಗಕ್ಕೆ ಬಂದದ್ದು. ಎರಡರ ನಡುವೆ ಅಂತರ ಇದೆ ಎಂಬುದನ್ನು ಒಪ್ಪುತ್ತೇನೆ. ಅಂತರ ಕಾಣಬೇಕಾದರೆ ಎರಡೂ ಕಣ್ಣ ಮುಂದೆ ಇರಬೇಕಲ್ಲವೇ?

ಇತಿಹಾಸದ ಮೇಷ್ಟ್ರು

ಇದಕ್ಕೆ ನನ್ನ ಸಂಪೂರ್ಣ ಸಹಮತ.

ಪುಸ್ತಕದ ಕಪಾಟು

ಎಲ್ಲರಿಗೂ ನಮಸ್ಕಾರ. ಕೆಳಗಿನಂತೆ ಬರೆದು ನಾಳೆ ಸಮಿತಿಯ ಮುಂದಿಡುತ್ತೇನೆ:

"1945ರಲ್ಲಿ ಬರ್ಮಾದ ಕಾಂಗಾವ್ ಕಾಳಗದಲ್ಲಿ 8/19 ಹೈದರಾಬಾದ್ ಬೆಟಾಲಿಯನ್ ನಡೆಸಿದ್ದಕ್ಕೆ ಬ್ರಿಟಿಷ್ ಸರ್ಕಾರದಿಂದ ಡಿಎಸ್‌ಒ. ಜೊತೆಗೆ ಕಾದಾಡಿದ ಥೋರಟ್ ಮತ್ತು ಸೇನ್ ಅವರಿಗೂ ಅದೇ ಗೌರವ. ಭಾರತೀಯರಿಗೆ ನಾಯಕತ್ವ ನಿರಾಕರಿಸಿದ್ದ ಸೇನೆಯಲ್ಲಿ ರಣರಂಗದ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ. ಇದೇ ಯುದ್ಧದಲ್ಲಿ ಅಣ್ಣ ಪೊನ್ನಪ್ಪ ಐಎನ್‌ಎ ಸೇರಿದರು. ಪತ್ನಿ ನೀನಾ ಅವರಿಗೆ 1935ರ ಕ್ವೆಟ್ಟಾ ಭೂಕಂಪದ ಸೇವೆಗಾಗಿ ಕೈಸರ್-ಎ-ಹಿಂದ್ ಪದಕ."

ಕಾಫಿ ಹೂವು

ನೀನಾ ಅವರ ಸಾಲನ್ನು ಕೊನೆಗೆ ತಳ್ಳಬೇಡಿ. 1935 ಮೊದಲು ಬರುತ್ತದೆ, 1945 ಆಮೇಲೆ.

ಹಳೆಯ ಕುಮಾಊಂ

ಸೋಮನಾಥ ಶರ್ಮರ ಹೆಸರು ಬಿಟ್ಟುಹೋಗಿದೆ. "8/19 ಹೈದರಾಬಾದ್ ಬೆಟಾಲಿಯನ್" ಎಂಬಲ್ಲಿ "ಬೆಟಾಲಿಯನ್ನಿನ ಜವಾನರನ್ನು" ಎಂದು ಸೇರಿಸಿ. ಗುಡ್ಡ ಹತ್ತಿದವರು ಅವರು.

ಮೈಸೂರು ಅಗ್ರಹಾರ

ಪದಕ ಸಂಗ್ರಾಹಕರೇ, ನನ್ನ ಮುತ್ತಾತನ ಸಂಖ್ಯೆ ಸಿಕ್ಕಿತಲ್ಲ, ಇನ್ನು ಎಲ್ಲಿ ಹುಡುಕಬೇಕು?

ಪದಕ ಸಂಗ್ರಾಹಕ

ಅವರು ಮೈಸೂರು ಸಂಸ್ಥಾನದ ಪಡೆಯವರಾದ್ದರಿಂದ ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ, ಸಂಸ್ಥಾನದ ಮಿಲಿಟರಿ ಇಲಾಖೆಯ ಕಡತಗಳನ್ನು ಕೇಳಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು ಎರಡನೆಯ ದಾರಿ. ತಿಮ್ಮಯ್ಯನವರಂಥ ಅಧಿಕಾರಿಗಳ ಪದಕವಾದರೆ ಲಂಡನ್ ಗೆಜೆಟ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಎರಡನೇ ಮಹಾಯುದ್ಧದ ಪದಕ ಶಿಫಾರಸುಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಿಮ್ಮ ಪದಕಗಳ ಅಂಚಿನ ಫೋಟೊ ತೆಗೆದು ಹಾಕಿ. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ.